ತಿಂಗಳಿಗೆ ಮುನ್ನೂರು ಗ್ರಾಂ

ಮೇ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ದೂರು ಹೇಳುವ ಮೊದಲು ಹನ್ನೊಂದು ಕಾಗದಗಳನ್ನು ತಿಂಗಳ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿದಳು. ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಆಕೆಯ ಕೆಲಸ. ಕಾಗದಗಳಲ್ಲೂ ಒಂದು ಸುಕ್ಕಿರಲಿಲ್ಲ.

"ಇಲಾಖೆಯೋರು ಕಳ್ಸಿದ್ದು ಸಾರ್. ಮಗಳು ಚೆನ್ನಾಗಿದಾಳೆ ಅಂತ ಇದೆ. ಆದ್ರೆ ಮಗಳೇ ಇಲ್ಲ."

ಹೆಡ್ ಕಾನ್‌ಸ್ಟೇಬಲ್ ಎಲ್ಲದಕ್ಕೂ ಸಮಯ ಬರೆದುಕೊಳ್ಳುವವನು. ಅದಕ್ಕೇ ಠಾಣೆಯಲ್ಲಿ ಅವನ ಹೆಸರು ಗಡಿಯಾರ. "ಎಲ್ಲಿ ಇಲ್ಲ?" ಎಂದು ಕೇಳಿದ.

"ಎಲ್ಲಿರಬೇಕೋ ಅಲ್ಲಿ."

ಮಗಳಿಗೆ ಹತ್ತೊಂಬತ್ತು. ಕೆಲಸದ ಆಸೆ ತೋರಿಸಿ ಮಾರಿದವರ ಕೈಯಿಂದ ವರ್ಷದ ಹಿಂದೆ ಪೊಲೀಸರು ಬಿಡಿಸಿ ತಂದಿದ್ದರು. ಅಂದಿನಿಂದ ಅವಳು ಸೇವಾ ಸಂಸ್ಥೆಯೊಂದು ಸರ್ಕಾರಿ ಅನುದಾನದಲ್ಲಿ ನಡೆಸುವ ಆಶ್ರಯಮನೆಯಲ್ಲಿದ್ದಳು. ಮಾರಿದವರು ಜಾಮೀನಿನ ಮೇಲೆ ಹೊರಗಿದ್ದುದರಿಂದ ವಿಳಾಸ ಗುಟ್ಟು, ತಾಯಿಗೂ ಹೇಳುವಂತಿಲ್ಲ. ಬದಲಿಗೆ ತಿಂಗಳಿಗೊಂದು ಆರೋಗ್ಯ ವರದಿ ಬರುತ್ತಿತ್ತು. ಸಾಕ್ಷಿ ಹೇಳುವ ದಿನ ಹತ್ತಿರವಾದಾಗ ನ್ಯಾಯಾಲಯ ಭೇಟಿಗೆ ಅನುಮತಿ ಕೊಟ್ಟಿತು. ತಾಯಿ ಎರಡು ಸಲ ಹೋದಳು. ಮೊದಲ ಸಲ ಮಗಳು ಆಸ್ಪತ್ರೆಗೆ ಹೋಗಿದ್ದಾಳೆ ಎಂದರು, ಎರಡನೆಯ ಸಲ ಹೊಲಿಗೆ ತರಬೇತಿಗೆ ಎಂದರು.

"ತೂಕ ಏರ್ತಾ ಇದೆ ಅಂತ ನೋಡಿ ನೋಡಿ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು.

ಇನ್‌ಸ್ಪೆಕ್ಟರ್ ಕಾಗದಗಳನ್ನು ಎರಡು ಸಲ ಓದಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಲವತ್ತೊಂದು, ನಲವತ್ತೂವರೆ, ನಲವತ್ತೊಂದೂವರೆ, ಮತ್ತೆ ನಲವತ್ತೊಂದು. ಅಕ್ಟೋಬರ್‌ನಿಂದ 41.3, 41.6, 41.9. ಏಪ್ರಿಲ್‌ಗೆ 43.1. ನಾಪತ್ತೆಯೆಂದು FIR ದಾಖಲಿಸಲು ಹೇಳಿ ಟೋಪಿ ಎತ್ತಿಕೊಂಡ.

ಹನ್ನೆರಡು ಹತ್ತಕ್ಕೆ ಜೀಪು ಆಶ್ರಯಮನೆಯ ಮುಂದೆ ನಿಂತಿತು. ಗೇಟಿನ ಮೇಲೆ ಯೋಜನೆಯ ಹೆಸರು, ಇಲಾಖೆಯ ಹೆಸರು, ಮಂಜೂರಾದ ವರ್ಷ ಎಲ್ಲ ಬರೆದ ದೊಡ್ಡ ಫಲಕ.

"ವಿಳಾಸ ಗುಟ್ಟಂತೆ," ಎಂದ ಗಡಿಯಾರ.

"ಫಲಕ ಹಾಕ್ದಿದ್ರೆ ಅನುದಾನ ಬರಲ್ಲ," ಎಂದಳು ಬಾಗಿಲು ತೆರೆದ ಮೇಲ್ವಿಚಾರಕಿ. ಐವತ್ತು ದಾಟಿದವಳು, ಕೈಯಲ್ಲಿ ಹಿಟ್ಟು. ಅಡುಗೆಯವಳು ಬಿಟ್ಟುಹೋಗಿ ನಾಲ್ಕು ತಿಂಗಳಾಗಿತ್ತು.

ಮೇಲಿನ ಕೋಣೆಯಲ್ಲಿ ಹನ್ನೆರಡು ಮಂಚ, ಹಾಜರಿ ಪುಸ್ತಕದಲ್ಲಿ ಹನ್ನೆರಡು ಸಹಿ, ಮನೆಯಲ್ಲಿ ಏಳು ಹೆಂಗಸರು. ಉಳಿದ ಐವರು ತರಬೇತಿಯಲ್ಲಿದ್ದಾರೆ ಎಂದಳು ಮೇಲ್ವಿಚಾರಕಿ. ಜೊತೆಗೆ ಬಂದಿದ್ದ ಮಹಿಳಾ ಪೇದೆ ತರಬೇತಿ ಕೇಂದ್ರಕ್ಕೆ ಫೋನ್ ಮಾಡಿ, ಅಲ್ಲಿಲ್ಲವೆಂದು ತಲೆಯಾಡಿಸಿದಳು.

ಇನ್‌ಸ್ಪೆಕ್ಟರ್ ಮೂಲೆಯಲ್ಲಿದ್ದ ತೂಕದ ಯಂತ್ರದ ಮುಂದೆ ಮೊಣಕಾಲೂರಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಉಪಕರಣದ ಅತಿ ಚಿಕ್ಕ ಗೆರೆಯನ್ನು ಮೊದಲು ನೋಡುವ ಅಭ್ಯಾಸ ಅವನಿಗೆ ಹೋಗಿರಲಿಲ್ಲ. ಮುಳ್ಳಿನ ಯಂತ್ರ, ಅರ್ಧ ಕಿಲೋಗೆ ಒಂದು ಗೆರೆ.

"ಬೇರೆ ಯಂತ್ರ ಇದೆಯಾ?"

"ಇಲ್ಲ. ನಾನು ಬಂದಾಗಿಂದ ಇದೇ."

"ಇದರಲ್ಲಿ ನಲವತ್ತೊಂದು ಪಾಯಿಂಟ್ ಮೂರು ಹೇಗೆ ನೋಡಿದ್ರಿ?"

ಆಕೆ ಕೈಯ ಹಿಟ್ಟನ್ನು ಉಜ್ಜಿಕೊಳ್ಳತೊಡಗಿದಳು.

ಇನ್‌ಸ್ಪೆಕ್ಟರ್ ತೂಕದ ಪುಸ್ತಕ ತಿರುವಿದ. "ಏಳು ಜನರ ತೂಕ ಏರುತ್ತೆ, ಇಳಿಯುತ್ತೆ. ಜ್ವರ ಬಂದ ತಿಂಗಳು ಒಬ್ಬಳು ಎರಡು ಕಿಲೋ ಕಳ್ಕೊಂಡಿದಾಳೆ. ಈ ಐವರಿಗೆ ಜ್ವರಾನೇ ಬರಲ್ಲ. ಎಲ್ಲರಿಗೂ ತಿಂಗಳಿಗೆ ಮುನ್ನೂರು ಗ್ರಾಂ. ಒಂದ್ಸಲ ಕಡಿಮೆ ಬರೆದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ."

"ಕಡಿಮೆ ಬರೆಯೋಕೆ ಮನಸ್ಸು ಬರ್ಲಿಲ್ಲ," ಎಂದಳು ಮೇಲ್ವಿಚಾರಕಿ.

ಹನ್ನೆರಡು ಐವತ್ತಕ್ಕೆ ಇಬ್ಬರು ನೆರೆಯವರ ಎದುರು ಪಂಚನಾಮೆ ಶುರುವಾಯಿತು. ಹಾಜರಿ ಪುಸ್ತಕ, ತೂಕದ ಪುಸ್ತಕ, ಯಂತ್ರ, ಮೂರನ್ನೂ ವಶಪಡಿಸಿಕೊಂಡರು. ಐವರಲ್ಲಿ ನಾಲ್ವರು ತಾವಾಗಿಯೇ ಮನೆಗೆ ಮರಳಿದ್ದರು, ಫೋನಿನಲ್ಲಿ ಸಿಕ್ಕರು. ಸಿಗದವಳು ಒಬ್ಬಳೇ.

"ಅವಳು ಹೋಗಿದ್ದು ಯಾವಾಗ?"

"ಸೆಪ್ಟೆಂಬರ್ ಹತ್ತೊಂಬತ್ತು. ಚಿಕ್ಕಮ್ಮ ಅಂತ ಒಬ್ಳು ಬಂದಿದ್ಳು. ಅಮ್ಮ ಹಾಸಿಗೆ ಹಿಡಿದಿದಾಳೆ, ಒಂದು ದಿನಕ್ಕೆ ಕಳ್ಸಿ ಅಂದ್ಳು. ಹುಡುಗಿ ಅತ್ಳು, ಅಮ್ಮನಿಗೋಸ್ಕರ ಅಂದ್ಕೊಂಡೆ. ಗೇಟಿನ ಕಾವಲುಗಾರನಿಗೆ ಸಂಬಳ ಇಲ್ದೆ ಆ ತಿಂಗಳೇ ಬಿಡಿಸಿದ್ವಿ. ನಾನು ಒಬ್ಳೇ ಇದ್ದೆ."

"ನಂಬಿದ್ರಾ?"

"ಅಮ್ಮನ ಹೆಸರು ಸರಿಯಾಗಿ ಹೇಳಿದ್ಳು. ಸಂಜೆ ಅವಳು ಕೊಟ್ಟ ನಂಬರಿಗೆ ಮಾಡ್ದೆ. ಸ್ವಿಚ್ ಆಫ್."

ಗಡಿಯಾರ ಠಾಣೆಗೆ ಫೋನ್ ಮಾಡಿ ತಾಯಿಯನ್ನು ಕೇಳಿದ. ಆಕೆಯ ಉತ್ತರ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. "ನನಗೆ ತಂಗೀನೇ ಇಲ್ಲ ಸಾರ್. ನಾಲ್ಕು ಜನ ಅಣ್ಣಂದಿರ ಮೇಲೆ ನಾನೇ ಕೊನೆಯವಳು."

ಮೇಲ್ವಿಚಾರಕಿ ಹತ್ತಿರದ ಮಂಚದ ಮೇಲೆ ಕುಳಿತಳು.

ಮೂರೂವರೆಗೆ ದೂರವಾಣಿ ಸಂಖ್ಯೆಯ ಮಾಹಿತಿ ಬಂತು. ಜಾಮೀನಿನ ಮೇಲಿದ್ದ ಆರೋಪಿಯೊಬ್ಬನ ಹೆಂಡತಿಯದು. ಅವರಿದ್ದ ಬಾಡಿಗೆ ಮನೆಗೆ ಹೋದ ಪೇದೆಗೆ ಹೊಸ ಬಾಡಿಗೆದಾರರು ಬಾಗಿಲು ತೆಗೆದರು. ಹಳಬರು ಸೆಪ್ಟೆಂಬರ್ ಕೊನೆಗೇ ಖಾಲಿ ಮಾಡಿದ್ದರು.

"ಅವತ್ತೇ ಒಂದು ಮಾತು ಹೇಳಿದ್ದಿದ್ರೆ ಅವರು ಆ ಮನೆಯಲ್ಲೇ ಸಿಕ್ತಿದ್ರು," ಎಂದ ಇನ್‌ಸ್ಪೆಕ್ಟರ್.

"ಹನ್ನೆರಡು ಜನ ಇರ್ಲೇಬೇಕು ಸಾರ್, ಷರತ್ತು. ಅದಕ್ಕಿಂತ ಕಡಿಮೆ ಆದ್ರೆ ಆ ತಿಂಗಳಿಂದಲೇ ಅನುದಾನ ನಿಲ್ಲುತ್ತೆ. ಅವತ್ತು ಸರಿಯಾಗಿ ಹನ್ನೆರಡಿದ್ರು. ಉಳಿದ ಹನ್ನೊಂದು ಜನರನ್ನ ಎಲ್ಲಿಗೆ ಕಳ್ಸೋದು? ನಾಳೆ ಬರ್ತಾಳೆ ಅಂದ್ಕೊಂಡೆ. ಆಮೇಲೆ ಇನ್ನೊಬ್ಳು ಬಂದ್ರೆ ಲೆಕ್ಕ ಸರಿಹೋಗುತ್ತೆ, ಹೇಳೋಣ ಅಂದ್ಕೊಂಡೆ. ಯಾರೂ ಬರ್ಲಿಲ್ಲ. ಇದ್ದವರೂ ಹೋದ್ರು."

"ಹಣ?"

"ನನಗೇ ಐದು ತಿಂಗಳಿಂದ ಸಂಬಳ ಇಲ್ಲ. ಬೇಕಾದ್ರೆ ಬ್ಯಾಂಕ್ ಪುಸ್ತಕ ನೋಡಿ."

ನೋಡಿದರು. ಆಕೆ ಹೇಳಿದ್ದು ನಿಜ. ಬಂದದ್ದೆಲ್ಲ ಬಾಡಿಗೆಗೆ, ಅಕ್ಕಿಗೆ, ಔಷಧಿಗೆ ಹೋಗಿತ್ತು.

ಐದು ಐದಕ್ಕೆ ಸುಳ್ಳು ದಾಖಲೆ ಮತ್ತು ಅನುದಾನ ವಂಚನೆಯ ಆರೋಪದಲ್ಲಿ ಬಂಧನ. ಆಕೆ ಮಹಿಳಾ ಪೇದೆಯ ಕೈಗೆ ಬೀಗದಕೈ ಕೊಟ್ಟು, "ಕೊನೇ ಮಂಚದವಳು ಬಾಗಿಲು ಹಾಕಿದ್ರೆ ಮಲಗಲ್ಲ. ಸ್ವಲ್ಪ ತೆರೆದಿಡಮ್ಮ," ಎಂದಳು. ಏಳು ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ನೋಡಿದರು. ಅಷ್ಟರಲ್ಲಿ, ಠಾಣೆಯಿಂದ ಕಳಿಸಿದ್ದ ಮಾಹಿತಿಗೆ ಇಲಾಖೆಯಿಂದ ಉತ್ತರ ಬಂದಿತ್ತು: ನಿಗದಿತ ಸಂಖ್ಯೆ ಇಲ್ಲದ ಕಾರಣ ಕೇಂದ್ರವನ್ನು ಸೋಮವಾರದಿಂದ ಮುಚ್ಚಲಾಗುವುದು.

ಠಾಣೆಯಲ್ಲಿ ತಾಯಿ ಇನ್ನೂ ಕುಳಿತಿದ್ದಳು. "ಸಾರ್, ಹುಡುಕ್ತೀರಲ್ವಾ?"

"ಇವತ್ತೇ ಎಲ್ಲ ಠಾಣೆಗಳಿಗೂ ಕಳಿಸ್ತೀವಮ್ಮ."

ಇನ್‌ಸ್ಪೆಕ್ಟರ್ ನಾಪತ್ತೆ ಪ್ರಕಟಣೆಯ ನಮೂನೆ ತುಂಬಿದ. ಕಾಣೆಯಾದ ದಿನ, ಸೆಪ್ಟೆಂಬರ್ ಹತ್ತೊಂಬತ್ತು. ದೂರು ಬಂದ ದಿನ, ಮೇ ಹನ್ನೆರಡು. ಅಂತರ, ಏಳು ತಿಂಗಳು ಇಪ್ಪತ್ತಮೂರು ದಿನ. ಅದರ ಕೆಳಗಿನ ಕಲಂ, ವಿಳಂಬಕ್ಕೆ ಕಾರಣ. ಅಲ್ಲಿ ಬರೆದ: ಉಳಿದ ಹನ್ನೊಂದು ಮಂದಿಗೆ ಬೇರೆ ಜಾಗವಿರಲಿಲ್ಲ.