ಒಣ ಲೋಟ

ಉಗುಳಬೇಕಾಗಿದ್ದನ್ನು ಇವತ್ತೂ ನುಂಗಿಬಿಟ್ಟೆನಲ್ಲ ಎಂದು ಅವಳು ತನ್ನೊಳಗೇ ಅಂದುಕೊಂಡಳು. ಯಾರಿಗೂ ಹೇಳುವಂಥ ಮಾತಲ್ಲ ಅದು. ದಿನಾ ಬರೆಯುವ ಡೈರಿಗೂ ಹೇಳಿರಲಿಲ್ಲ.

ಮಿಠಾಯಿ ಕಾರ್ಖಾನೆಯಲ್ಲಿ ಅವಳದು ರುಚಿ ನೋಡುವ ಕೆಲಸ. ಕೇಳಿದವರೆಲ್ಲ, "ಪುಣ್ಯ ಮಾಡಿದ್ದೆ ಬಿಡು" ಎನ್ನುತ್ತಿದ್ದರು. ಆದರೆ ಅಲ್ಲಿ ತಿನ್ನುವಂತಿಲ್ಲ. ಚೂರು ಬಾಯಿಗಿಟ್ಟು, ನಾಲಿಗೆಯ ಮೇಲೆ ಹೊರಳಿಸಿ, ಸ್ಟೀಲ್ ಲೋಟಕ್ಕೆ ಉಗುಳಬೇಕು. ಒಂದೊಂದು ಮಿಠಾಯಿಗೆ ಒಂದೊಂದು ಲೋಟ, ಅದರ ಮೇಲೆ ಮಾಡಿದವರ ಹೆಸರಿನ ಚೀಟಿ. ನುಂಗುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಜಡ್ಡುಗಟ್ಟುತ್ತದೆ; ನುಂಗಿದ್ದು ಗೊತ್ತಾದರೆ ಕೆಲಸವೇ ಹೋಗುತ್ತದೆ. ಸಿಹಿ ಎಷ್ಟು, ಕಹಿ ಎಷ್ಟು, ಹಲ್ಲಿಗೆ ಅಂಟುತ್ತದೆಯೇ, ಇಷ್ಟು ಹೇಳಿದರೆ ಸಾಕು. ಇಷ್ಟವಾಯಿತು ಎಂಬ ಮಾತಿಗೆ ಜಾಗವಿಲ್ಲ. ಬಾಯಿ ಬಿಡಲು ಹೆದರುವ ಅವಳಿಗೆ ಇದು ಹೇಳಿ ಮಾಡಿಸಿದ ಕೆಲಸವಾಗಿತ್ತು, ಪಾಕದವನು ಬರುವ ತನಕ.

ಪಾಕದವನೆಂದರೆ ಗೋಡೆಯಾಚೆ ಸಕ್ಕರೆ ಪಾಕ ಕಾಯಿಸುವವನು. ಮಾಡುವವರೂ ರುಚಿ ನೋಡುವವರೂ ಬೆರೆಯಬಾರದೆಂದು ಗೇಟು ಕೂಡ ಬೇರೆ ಬೇರೆ. ನಡುವೆ ಇದ್ದದ್ದು ಒಂದು ಪುಟ್ಟ ಕಿಂಡಿ, ಅದಕ್ಕೊಂದು ಜಾರುಬಾಗಿಲು. ಅವಳಿಗೆ ಕಾಣುತ್ತಿದ್ದುದು ಅವನ ಕೈ ಮಾತ್ರ. ಮೊಣಕೈವರೆಗೆ ಮಡಚಿದ ತೋಳು, ಹೆಬ್ಬೆರಳಿನ ಬುಡದಲ್ಲಿ ಪಾಕ ಸಿಡಿದ ಕಲೆ. ಆ ಕೈ ತಟ್ಟೆಯನ್ನು ಇಡುತ್ತಿರಲಿಲ್ಲ, ಕುಕ್ಕುತ್ತಿತ್ತು.

"ತಗೊಳ್ಳಿ ಮೇಡಂ. ಇವತ್ತೇನು ತಪ್ಪು ಹುಡುಕ್ತೀರೋ ಹುಡುಕಿ."

ಅವನದು ಹೊಸ ಮಿಠಾಯಿ. ಸಕ್ಕರೆಯನ್ನು ಇನ್ನೇನು ಕರಕಲಾಗಬೇಕು ಎನ್ನುವಲ್ಲಿಗೆ ಒಯ್ದು, ಬೆಣ್ಣೆ ಹಾಕಿ ಕೈಹಿಡಿದು ವಾಪಸ್ ತಂದದ್ದು. ಮೇಲೊಂದು ಹರಳು ಉಪ್ಪು. ಅವಳು ಬಾಯಿಗಿಟ್ಟಳು.

"ಕಹಿ ಜಾಸ್ತಿ ಇದೆ."

"ಇರ್ಲಿ ಅಂತಾನೇ ಇಟ್ಟಿರೋದು."

"ಎಷ್ಟಿದೆ ಅಂತ ಹೇಳೋದಷ್ಟೇ ನನ್ನ ಕೆಲಸ. ಯಾಕೆ ಅಂತೆಲ್ಲ ನನ್ನ ಕೇಳ್ಬೇಡಿ."

"ನಾಲಿಗೆ ಬಾಡಿಗೆಗೆ ಕೊಟ್ಟೋರನ್ನ ಕೇಳೋಕೆ ಹೋದೆನಲ್ಲ, ನನಗೆ ಬುದ್ಧಿ ಇಲ್ಲ."

ಕಿಂಡಿಯ ಬಾಗಿಲು ದಡಾರನೆ ಮುಚ್ಚಿತು. ಅವಳಿಗೆ ಮೈಯೆಲ್ಲ ಉರಿಯಿತು. ಉರಿಯುತ್ತಲೇ ಲೋಟವನ್ನು ತುಟಿಗೆ ತಂದಳು. ಅಷ್ಟರಲ್ಲಿ ಬೆಣ್ಣೆ ಕರಗಿ, ಕಹಿ ಮೆಲ್ಲಗೆ ಹಿಂದೆ ಸರಿದು, ನಾಲಿಗೆಯ ತುದಿಗೆ ಉಪ್ಪು ಬಂದು ಕೂತಿತು. ತುಟಿ ತೆರೆಯಲೇ ಇಲ್ಲ.

ತಟ್ಟೆಯಲ್ಲಿ ಉಳಿದ ಇನ್ನೊಂದು ಮಿಠಾಯಿ ಊಟದ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. ಸಂಜೆ ಪಾತ್ರೆ ತೊಳೆದಿಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಅವಳೂ ಅತ್ತಿಗೆಯೂ ಅದನ್ನು ಕಚ್ಚಿ ಅರ್ಧ ಮಾಡಿಕೊಳ್ಳುತ್ತಿದ್ದರು. ಇಡೀ ದಿನದಲ್ಲಿ ಅವರಿಬ್ಬರದೇ ಎನ್ನುವಂಥದ್ದು ಅಷ್ಟೇ ಹೊತ್ತು.

"ಆ ಜಗಳಗಂಟಂದು ತಾನೇ?" ಅತ್ತಿಗೆ ಚಪ್ಪರಿಸಿದಳು.

"ಹೂಂ. ಸೊಕ್ಕು ಅಂದ್ರೆ ಸೊಕ್ಕು. ಮುಖ ಕೂಡ ನೋಡಿಲ್ಲ ನಾನು."

"ನೋಡ್ದೇನೇ ದಿನಾ ಇಷ್ಟು ಹೊತ್ತು ಬಯ್ತೀಯ. ನಿಮ್ಮಣ್ಣನ್ನ ನಾನು ಇಷ್ಟು ನೆನೆಸ್ಕೊಳ್ಳಲ್ಲ ಕಣೇ."

"ಸುಮ್ನೆ ತಿನ್ನಿ ಅತ್ತಿಗೆ."

ತಿಂದಾದ ಮೇಲೂ ಅವಳು ಬೆರಳು ನೆಕ್ಕುತ್ತಲೇ ಇದ್ದಳು. ಅತ್ತಿಗೆ ನೋಡಿಯೂ ನೋಡದವಳಂತೆ ಒಳಗೆ ಹೋದಳು.

ಮರುದಿನ ಕಿಂಡಿ ತೆರೆಯಲಿಲ್ಲ. ಕೋಣೆಯ ಬಾಗಿಲೇ ತೆರೆಯಿತು. ಕೈಯಲ್ಲೊಂದು ಲೋಟ ಹಿಡಿದು ಪಾಕದವನು ಒಳಗೆ ಬಂದ, ಹಿಂದೆ ಕಾರ್ಖಾನೆಯ ಒಡತಿ ಅಮ್ಮಾವ್ರು.

ಅವನ ಮುಖವನ್ನು ಅವಳು ಅವತ್ತೇ ನೋಡಿದ್ದು. ಶಾಖಕ್ಕೆ ಕೆಂಪಾದ ಕಣ್ಣು, ತುದಿ ಸುಟ್ಟ ಒಂದು ಹುಬ್ಬು, ರೆಪ್ಪೆಯ ಮೇಲೆ ಸಕ್ಕರೆಯ ಹುಡಿ. ಅವಳು ಬೇಗನೆ ನೆಲ ನೋಡಿದಳು.

"ನೋಡಿ ಅಮ್ಮಾವ್ರೇ," ಅವನು ಲೋಟ ಚಾಚಿದ. "ತೊಳೆಯೋಕೆ ನಮ್ಮ ಕಡೆಗೆ ಬರೋ ಲೋಟ ದಿನಾ ನೋಡ್ತೀನಿ ನಾನು. ಬೇರೆಯವರ ಮಿಠಾಯಿಗೆಲ್ಲ ಉಗುಳಿರ್ತಾರೆ. ನನ್ನದಕ್ಕೆ ಮಾತ್ರ ಒಣ ಲೋಟ. ಬಾಯಿಗೇ ಇಟ್ಟಿಲ್ಲ ಇವರು. ಬಾಯಿಗಿಡದೇ ಕಹಿ ಅಂದ್ರು."

"ಕಹಿ ಅಂತ ಇವಳು ಹೇಳಿದ್ದಕ್ಕೇ ಕಣಪ್ಪ, ನಿನ್ನ ಮಿಠಾಯಿ ಬೇಡ ಅಂದಿದ್ದು ನಾನು."

"ನನ್ನ ಮಿಠಾಯಿ ಬೇಡ ಅಂದ್ರೆ ನಾನೂ ಬೇಡ. ನಾಳೆಯಿಂದ ಬರಲ್ಲ. ಹೋಗೋ ಮುಂಚೆ ಇವರ ಬಾಯಿಂದ ಒಂದ್ಸಲ ಕೇಳ್ಬೇಕು. ಅಷ್ಟು ಅಸಹ್ಯಾನಾ ಮೇಡಂ, ನಾನು ಕೈಯಾರೆ ಮಾಡಿದ್ದು?"

ದನಿಯಲ್ಲಿ ಸಿಟ್ಟೇ ತುಂಬಿತ್ತು. ಕೆಳತುಟಿ ಮಾತ್ರ ಊಟಕ್ಕೆ ಕೂರಿಸಿ ಎಬ್ಬಿಸಿ ಕಳಿಸಿದ ಮಗುವಿನದರಂತೆ ಅದುರುತ್ತಿತ್ತು.

"ಬಾಯಿಗಿಟ್ಟಿದ್ದೆ ತಾನೇ?" ಅಮ್ಮಾವ್ರು ಅವಳನ್ನು ಕೇಳಿದರು. "ಹಾಗಾದ್ರೆ ಲೋಟ ಯಾಕೆ ಒಣಗಿದೆ? ಮಾತಾಡಮ್ಮ."

ಮಾತಾಡಿದರೆ ಕೆಲಸ ಹೋಯಿತು. ಸುಮ್ಮನಿದ್ದರೆ ಇವನು ಹೋಗುತ್ತಾನೆ, ಈ ಲೋಟವನ್ನೇ ನೆನೆಸಿಕೊಳ್ಳುತ್ತ. ಸುಮ್ಮನಿರುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

ಅವನು ತಿರುಗಿದ. ಅವಳು ಕೈ ಚಾಚಿ ಲೋಟ ಹಿಡಿದಳು. ಅವನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಆ ಕಲೆ ಅವಳ ಬೆರಳಿಗೆ ತಾಗಿತು.

"ಕಹಿ ಇದ್ದದ್ದು ನಿಜ," ಎಂದಳು. "ಆದ್ರೆ ನಾನು ಉಗುಳ್ಲಿಲ್ಲ. ದಿನಾ ನುಂಗ್ತಿದ್ದೆ."

ಅಮ್ಮಾವ್ರು ಕನ್ನಡಕ ತೆಗೆದರು.

"ಯಾಕೆ?" ಅವನ ದನಿ ಇನ್ನೂ ಒರಟಾಗಿಯೇ ಇತ್ತು.

ಅವಳು ತಲೆಯೆತ್ತಿ ಆ ಸುಟ್ಟ ಹುಬ್ಬನ್ನೇ ನೋಡಿದಳು.

"ನೀವು ಮಾಡಿದ್ದಲ್ವಾ. ಉಗುಳೋಕೆ ಮನಸ್ಸು ಬರಲಿಲ್ಲ."