ಬುಲ್‌ಡಾಗ್ ಸಾಹೇಬರ ಡ್ರಾಯರು

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮೋಹನದಾಸರು ಅಲ್ ಕೂಜ್ ಸಮೀಪದ ಪೊಲೀಸ್ ಠಾಣೆಗೆ ಬಂದರು. ಬಂದರು ಎನ್ನುವುದಕ್ಕಿಂತ ನುಗ್ಗಿದರು ಎನ್ನಬೇಕು. ಊರು ಕಾಪು, ದುಬೈಯಲ್ಲಿ ಅಂಗಡಿ ಬೋರ್ಡುಗಳನ್ನು ತಯಾರಿಸುವ ದೊಡ್ಡ ಕಂಪನಿಯ ಮಾಲೀಕರು. ಅವರ ಅರ್ಧ ಹಿಂದಿ, ಅರ್ಧ ತುಳು ಕೌಂಟರಿನ ಪೊಲೀಸನಿಗೆ ಅರ್ಥವಾಗದೆ ದುಭಾಷಿ ಇಲ್ಯಾಸ್‌ಗೆ ಕರೆ ಹೋಯಿತು. ಇಲ್ಯಾಸ್ ಉಳ್ಳಾಲದವನು. ಊರಿನವರ ಜಗಳಗಳನ್ನು ಅರಬ್ಬಿಗೆ ಅನುವಾದಿಸಿ ಅನುವಾದಿಸಿ ಅವನ ತಲೆಯ ಮುಂಭಾಗ ಬೋಳಾಗಿತ್ತು.

"ನನ್ನ ಮಾನ ತೆಗ್ದಿದ್ದಾರೆ ಮಾರಾಯ್ರೆ!"

"ಯಾರು?"

"ಅದನ್ನು ನೀವು ಹೇಳ್ಬೇಕು. ಪೊಲೀಸರು ನೀವಾ, ನಾನಾ?"

ವಿಷಯ ಇಷ್ಟು. ಮೋಹನದಾಸರ ಕ್ಯಾಬಿನ್ನಿನಲ್ಲಿ ವಾನ್ ಹೂರ್ಡೆ ಎಂಬ ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂ ಕಲಾವಿದನ ತೈಲಚಿತ್ರವಿತ್ತು. ನಾಯಿ, ಮಂಗಗಳಿಗೆ ಕೋಟು ಟೊಪ್ಪಿ ತೊಡಿಸಿ ಜನರನ್ನು ನಗಿಸುವುದೇ ಆತನ ಕಸುಬು. ಈ ಚಿತ್ರದಲ್ಲಿ ಕೋಟು ಹಾಕಿದ ಬುಲ್‌ಡಾಗ್ ಮೇಜಿನ ಹಿಂದೆ ಕುಳಿತಿದೆ. ಎದುರು ಸಾಲುಗಟ್ಟಿ ನಿಂತ ನಾಯಿಗಳ ಬಾಯಲ್ಲಿ ಒಂದೊಂದು ಅರ್ಜಿ. ಬಂದವರಿಗೆಲ್ಲ ಇದನ್ನು ತೋರಿಸಿ ಒಂದೊಂದು ನಾಯಿಗೂ ಒಬ್ಬೊಬ್ಬ ನೌಕರನ ಹೆಸರಿಟ್ಟು ಹೇಳುವುದು ಮೋಹನದಾಸರ ಅಭ್ಯಾಸ. ಎರಡು ದಿನ ಅಬುಧಾಬಿಯ ಬನಿಯಾಸ್‌ನಲ್ಲಿ ಕೆಲಸ ಮುಗಿಸಿ, ಮಂಗಳವಾರ ಸಂಜೆ ಅತಿಥಿಗಳನ್ನು ಕರೆದುಕೊಂಡು ಬಂದಿದ್ದರು. ಇವರು ಬಾಯಿ ತೆರೆಯುವ ಮೊದಲೇ ಅತಿಥಿಗಳು ನಗತೊಡಗಿದರು. ಬುಲ್‌ಡಾಗಿನ ಮೂಗಿನ ಮೇಲೆ ಮೋಹನದಾಸರ ಚಿನ್ನದ ಕಟ್ಟಿನ ಕನ್ನಡಕ, ಬೆರಳಲ್ಲಿ ಮೋಹನದಾಸರ ನವರತ್ನದ ಉಂಗುರ!

ಇಲ್ಯಾಸ್ ನಗು ನುಂಗಿಕೊಂಡು ದೂರು ಬರೆದುಕೊಂಡ. ಊರಲ್ಲಾದರೆ ಇದಕ್ಕೆ ಎಫ್‌ಐಆರ್ ಎನ್ನುತ್ತಾರೆ. ಇಲ್ಲಿ ಹೆಸರು ಬೇರೆ, ತಲೆನೋವು ಅದೇ.

ಹನ್ನೊಂದು ಗಂಟೆಗೆ ಕ್ಯಾಪ್ಟನ್ ಹುಮೈದ್ ಇಲ್ಯಾಸ್‌ನೊಂದಿಗೆ ಸ್ಥಳಕ್ಕೆ ಹೋದರು. ಜೊತೆಗೆ ಬಂದಿದ್ದ ತಜ್ಞ ಚಿತ್ರದ ಮೂಲೆಗೆ ಒದ್ದೆ ಹತ್ತಿ ಒತ್ತಿ ನೋಡಿದ. ಪೋಸ್ಟರ್ ಬಣ್ಣ, ವಾರ್ನಿಶ್ ಮೇಲಷ್ಟೇ ಕೂತಿದೆ, ಒರೆಸಿದರೆ ಹೋಗುತ್ತದೆ ಎಂದ. ನಮ್ಮ ಕಡೆಯ ಪಂಚನಾಮೆಯ ಹಾಗೆ ಕೋಣೆಯ ಪ್ರತಿಯೊಂದು ವಸ್ತುವೂ ದಾಖಲಾಯಿತು. ಮೂಲೆಯಲ್ಲಿ ದೇವಿಯ ಪಟ, ಮುಂದೆ ಹಿತ್ತಾಳೆಯ ದೀಪ, ಪಕ್ಕದಲ್ಲಿ ಎಣ್ಣೆ ಬಾಟಲಿ. ಬಾಟಲಿಯ ಮೇಲೆ ಉಜ್ಜಿಹೋದ ಚಿನ್ನದ ಬಣ್ಣದ ಗುರುತು. ಬುಲ್‌ಡಾಗಿನ ಕನ್ನಡಕಕ್ಕೆ ಬಳಿದದ್ದೂ ಅದೇ ಬಣ್ಣ.

"ಈ ದೀಪ ಹಚ್ಚೋದು ಯಾರು?" ಇಲ್ಯಾಸ್ ಕೇಳಿದ.

"ನಾನೇ. ನಾನಿಲ್ಲದಾಗ ಇಲ್ಲ. ಆದರೆ ನಿನ್ನೆ ಬರುವಾಗ ಉರೀತಾ ಇತ್ತು," ಎಂದು ಮೋಹನದಾಸರು ಕೈಮುಗಿದರು. ಅವರ ಲೆಕ್ಕದಲ್ಲಿ ಅದು ದೇವಿಯ ಪವಾಡ.

ಕಾರಿಡಾರಿನ ಕ್ಯಾಮೆರಾ ಪವಾಡಗಳನ್ನು ನಂಬುವ ಪೈಕಿ ಅಲ್ಲ. ಮಂಗಳವಾರ ಮಾಲೀಕರು ಬರುವ ಮೊದಲು ಕಾರಿಡಾರಿನ ಬಾಗಿಲಿನಿಂದ ಕ್ಯಾಬಿನ್ನಿಗೆ ಹೋಗಿಬಂದವನು ಒಬ್ಬನೇ: ಸ್ಟೋರ್ ನೋಡಿಕೊಳ್ಳುವ ಲತೇಶ್. ಅವನನ್ನು ಕರೆಸಿದರು. ಗಡ್ಡ ಬಿಟ್ಟಿದ್ದ, ಕಣ್ಣು ಊದಿತ್ತು.

"ಕ್ಯಾಬಿನ್ನಿಗೆ ಯಾಕೆ ಹೋದೆ?" ಕ್ಯಾಪ್ಟನ್ ಕೇಳಿದರು. ಇಲ್ಯಾಸ್ ಕನ್ನಡದಲ್ಲಿ ಹೇಳಿದ.

"ಸ್ಟಾಕ್ ಪೇಪರ್ ಇಡ್ಲಿಕ್ಕೆ."

"ಹುಷಾರಿಲ್ವಾ?" ಇಲ್ಯಾಸ್ ತಾನಾಗಿ ಕೇಳಿದ.

"ಅಮ್ಮ ತೀರಿಹೋದ್ರು. ಕಳೆದ ಬುಧವಾರ."

"ಊರಿಗೆ ಹೋಗ್ಲಿಲ್ವಾ?"

ಲತೇಶ್ ಮಾಲೀಕರ ಕಡೆ ನೋಡಿ ತಲೆ ತಗ್ಗಿಸಿದ. "ಕೆಲಸ ಉಂಟಲ್ಲ."

ಸಿಟ್ಟಿಗೆ ಕಾರಣ ಸಿಕ್ಕಿತು ಎಂದು ಕ್ಯಾಪ್ಟನ್ ಎದ್ದರು. ಇಲ್ಯಾಸ್ ತಡೆದ. "ಇವನಲ್ಲ ಸರ್. ಇವನಿಗೀಗ ಸೂತಕ. ಮನೆಯಲ್ಲಿ ಸಾವಾದವರು ಉತ್ತರಕ್ರಿಯೆ ಮುಗಿಯುವ ತನಕ ದೇವರ ದೀಪ ಮುಟ್ಟುವುದಿಲ್ಲ. ಬಣ್ಣದ ಕೈಯಲ್ಲಿ ಬಾಟಲಿ ಹಿಡಿದವರು ದೀಪ ಹಚ್ಚಿದ್ದಾರೆ."

"ಕದಿಯುವಾಗಲೂ, ಹಾಳು ಮಾಡುವಾಗಲೂ ಇದನ್ನೆಲ್ಲ ಪಾಲಿಸುತ್ತಾರಾ?"

"ನಮ್ಮ ಊರಲ್ಲಿ ಪಾಲಿಸುತ್ತಾರೆ ಸರ್. ನಾನು ಬ್ಯಾರಿ ಮುಸಲ್ಮಾನ. ಆದರೂ ನೆರೆಮನೆಯಲ್ಲಿ ಸೂತಕ ಅಂದರೆ ದೀಪ ಇಲ್ಲ ಅಂತ ಚಿಕ್ಕಂದಿನಿಂದ ಗೊತ್ತು."

ರಿಸೆಪ್ಷನಿಸ್ಟ್ ರೊಸಲಿನ್‌ಳನ್ನು ಕೇಳಿದರು. ಬಜಪೆಯ ಹುಡುಗಿ. "ಸರ್ ಇಲ್ಲದಾಗ ಯಾರಿಗೂ ದೀಪದ ಗೊಡವೆ ಇಲ್ಲ," ಎಂದಳು. ಆದರೆ ಅವಳ ಕಣ್ಣು ಕ್ಯಾಬಿನ್ನಿನ ಎಡಗಡೆಯ ಸಣ್ಣ ಬಾಗಿಲಿಗೆ ಹೋಗಿ ಬಂತು. ಅದರಾಚೆ ಡಿಸೈನ್ ರೂಮು. ಅಲ್ಲಿ ಕ್ಯಾಮೆರಾ ಇರಲಿಲ್ಲ.

ಒಳಗೆ ಬೋರ್ಡುಗಳ ವಿನ್ಯಾಸ ಮಾಡುವ ದೀಕ್ಷಿತಾ ಕುಳಿತಿದ್ದಳು. ಮೇಜಿನ ಮೇಲೆ ಪೋಸ್ಟರ್ ಬಣ್ಣದ ಬಾಟಲಿಗಳು. ಪೊಲೀಸರನ್ನು ಕಂಡು ಎದ್ದಳು, ಹೆದರಲಿಲ್ಲ.

"ಚಿತ್ರದ ಮೇಲೆ ಬಳಿದದ್ದು ನೀವಾ?" ಇಲ್ಯಾಸ್ ಕೇಳಿದ.

"ಹೌದು. ನಿನ್ನೆ ಊಟದ ಹೊತ್ತಿಗೆ. ಲತೇಶನನ್ನು ಬಿಡಿ."

"ದೀಪ?"

"ಅದೂ ನಾನೇ. ಬಣ್ಣ ಹಚ್ತಾ ತಿರುಗಿ ನೋಡಿದೆ, ದೇವಿ ಕತ್ತಲೆಯಲ್ಲಿದ್ದಳು. ನನಗೆ ಸಿಟ್ಟು ಇದ್ದದ್ದು ಇವರ ಮೇಲೆ, ದೇವಿ ಮೇಲೆ ಅಲ್ಲ."

"ಅನ್ನ ತಿಂದ ಮನೆಗೆ..." ಮೋಹನದಾಸರು ಶುರುಮಾಡಿದರು.

"ದುಡಿದು ತಿಂದದ್ದು," ಎಂದಳು. ಆಮೇಲೆ ಇಲ್ಯಾಸ್ ಕಡೆ ತಿರುಗಿದಳು. "ಕನ್ನಡಕ, ಉಂಗುರ ಎಲ್ಲರಿಗೂ ಕಾಣ್ತದೆ. ಮೇಜಿನ ಡ್ರಾಯರ್ ನೋಡಿದ್ರಾ?"

ಎಲ್ಲರೂ ಚಿತ್ರದ ಮುಂದೆ ಬಂದರು. ಬುಲ್‌ಡಾಗಿನ ಮೇಜಿಗೆ ಅರ್ಧ ತೆರೆದ ಡ್ರಾಯರು. ಅದರ ತುಂಬ ಕಡುನೀಲಿ ಬಣ್ಣದ ಸಣ್ಣ ಸಣ್ಣ ಪುಸ್ತಕಗಳು, ಒಂದೊಂದರ ಮೇಲೂ ಚಿನ್ನದ ಬಣ್ಣದ ನಾಲ್ಕು ಸಿಂಹಗಳ ಗುರುತು.

"ವಾನ್ ಹೂರ್ಡೆಯ ಕಾಲದಲ್ಲಿ ಇಂಡಿಯದ ಪಾಸ್‌ಪೋರ್ಟ್ ಇರಲಿಲ್ಲ ಸರ್. ಅದನ್ನು ನಾನು ಸೇರಿಸಿದ್ದು."

ಇಲ್ಯಾಸ್ ಅನುವಾದಿಸುವ ಅಗತ್ಯ ಬೀಳಲಿಲ್ಲ. ಕ್ಯಾಪ್ಟನ್ ಮೋಹನದಾಸರ ನಿಜವಾದ ಮೇಜಿನ ಕಡೆ ನೋಡಿದರು. "ತೆರೆಯಿರಿ."

"ಅವರೇ ಸೈನ್ ಮಾಡಿ ಕೊಟ್ಟದ್ದು, ಸೇಫ್ಟಿಗೆ. ಕೀ ಮನೆಯಲ್ಲಿ ಉಂಟು," ಎಂದರು ಮೋಹನದಾಸರು.

"ಯಲ್ಲಾ, ಬೇಗ," ಎಂದರು ಕ್ಯಾಪ್ಟನ್. ಕೀ ಜೇಬಿನಿಂದಲೇ ಬಂತು. ನೌಕರರ ಪಾಸ್‌ಪೋರ್ಟುಗಳು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಡ್ರಾಯರಿನಲ್ಲಿ ಮಲಗಿದ್ದವು. ನೌಕರರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದು ಇಲ್ಲಿ ಅಪರಾಧ. ದೂರುದಾರರ ಮೇಲೆಯೇ ಎರಡನೆಯ ಪ್ರಕರಣ ದಾಖಲಾಯಿತು.

"ನೇರವಾಗಿ ದೂರು ಕೊಡಬಹುದಿತ್ತಲ್ಲ?" ಇಲ್ಯಾಸ್ ದೀಕ್ಷಿತಾಳನ್ನು ಕೇಳಿದ.

"ಕೊಟ್ಟರೆ ಇವರಿಗೆ ಮೊದಲೇ ಸುದ್ದಿ ಸಿಗ್ತದೆ, ನೀವು ಬರುವಾಗ ಡ್ರಾಯರ್ ಖಾಲಿ. ಇವರೇ ನಿಮ್ಮನ್ನು ಕರ್ಕೊಂಡು ಬರ್ಬೇಕಿತ್ತು. ಇವರ ಮಾನಕ್ಕೆ ಪೆಟ್ಟು ಬಿದ್ರೆ ಒಂದು ರಾತ್ರಿಯೂ ತಡೆಯುದಿಲ್ಲ ಅಂತ ನನಗೆ ಗೊತ್ತಿತ್ತು."

ಲತೇಶನ ಪಾಸ್‌ಪೋರ್ಟನ್ನು ಮೊದಲು ಕೊಟ್ಟರು. ಅಮ್ಮನ ಉತ್ತರಕ್ರಿಯೆ ಭಾನುವಾರ. ಮಂಗಳೂರಿನ ವಿಮಾನ ಅಂದು ಸಂಜೆಗೇ ಇತ್ತು. ಅವನು ಅದನ್ನು ಹಿಡಿದುಕೊಂಡು ದೀಕ್ಷಿತಾಳ ಹತ್ತಿರ ಬಂದು ನಿಂತ. "ಹೋಗು ಮಾರಾಯ, ಫ್ಲೈಟ್ ತಪ್ತದೆ," ಎಂದು ಅವಳೇ ಗದರಿದಳು.

ಮಧ್ಯಾಹ್ನ ಎರಡಕ್ಕೆ, ಪರರ ಸ್ವತ್ತಿಗೆ ಹಾನಿ ಮಾಡಿದ ಆರೋಪದ ಮೇಲೆ, ಮಹಿಳಾ ಪೊಲೀಸರ ಸಮಕ್ಷಮ ದೀಕ್ಷಿತಾಳನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಕಾರಣ ಏನು ಎಂದು ಇಲ್ಯಾಸ್ ಕೇಳಿದ. ಪಾಸ್‌ಪೋರ್ಟು ಎಂದು ಬರೆಯಲು ಅವನ ಪೆನ್ನು ಸಿದ್ಧವಾಗಿತ್ತು. ಅವಳು ಬೇರೆಯದನ್ನು ಹೇಳಿದಳು.

ಕಳೆದ ಗುರುವಾರ ಲತೇಶ್ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ತನ್ನ ರೂಮಿನಲ್ಲಿ ಕುಳಿತು ಅಮ್ಮನ ದಹನವನ್ನು ಫೋನಿನಲ್ಲಿ ನೋಡಿದ್ದ. ಮರುದಿನ ಆಫೀಸಿಗೆ ಅತಿಥಿಗಳು ಬಂದಿದ್ದರು. ಮೋಹನದಾಸರು ಚಿತ್ರದ ಕೊನೆಯಲ್ಲಿ ನಿಂತ, ಕಣ್ಣು ಒದ್ದೆಯಾದ ಮರಿನಾಯಿಯನ್ನು ತೋರಿಸಿ, "ಇವ ನಮ್ಮ ಲತೇಶ್, ಅಮ್ಮ ಸತ್ತಳಂತ ರಜೆ ಕೇಳ್ಲಿಕ್ಕೆ ಬಂದದ್ದು," ಎಂದರು. ಎಲ್ಲರೂ ನಕ್ಕರು.

"ಲತೇಶ ಅಲ್ಲೇ ನಿಂತಿದ್ದ ಸರ್. ಅವನೂ ನಕ್ಕ," ಎಂದಳು ದೀಕ್ಷಿತಾ. "ಅದು ನನ್ನಿಂದ ನೋಡ್ಲಿಕ್ಕಾಗ್ಲಿಲ್ಲ."

ಇಲ್ಯಾಸ್ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಅರಬ್ಬಿಯಲ್ಲಿ ಬರೆದ. ಅವಳ ಪಾಸ್‌ಪೋರ್ಟ್ ಮಾತ್ರ ವಾಪಸ್ ಕೊಡುವಂತಿರಲಿಲ್ಲ. ಪ್ರಕರಣ ಮುಗಿಯುವ ತನಕ ಅದು ಠಾಣೆಯಲ್ಲೇ ಇರಬೇಕು. ಅದನ್ನು ಹೇಳಲು ಅವನಿಗೆ ನಾಚಿಕೆಯಾಯಿತು. ಆದರೂ ಹೇಳಿದ.

ದೀಕ್ಷಿತಾ ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ಇಟ್ಕೊಳ್ಳಿ. ಆದರೆ ರಸೀದಿ ಕೊಡಿ. ಅವರು ಕೊಟ್ಟಿರಲಿಲ್ಲ."

ಇಲ್ಯಾಸ್ ರಸೀದಿ ಬರೆದು, ಸೀಲು ಒತ್ತಿ, ಎದ್ದು ನಿಂತು ಅವಳ ಕೈಗೆ ಕೊಟ್ಟ.