ಕರ್ತನ ಮೇಜಿನ ರೊಟ್ಟಿ

"ಬಿಚ್ಚು ಅದನ್ನ. ಇವತ್ತಿನಿಂದ ಚಿಕ್ಕವಳು ಕಟ್ಟಿಕೊಳ್ಳಲಿ."

ಅತ್ತೆ ಹೇಳಿದ್ದು ಇಷ್ಟೇ. ಧ್ವನಿ ಏರಿಸಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ; ಒಲೆಯ ಮೇಲಿನ ಹಾಲು ಇಳಿಸು ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟರು. ಆದರೆ ದೊಡ್ಡ ಸೊಸೆಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು! ಬಿಳಿ ಏಪ್ರನ್ನಿನ ಗಂಟಿಗೆ ಕೈ ಹೋಯಿತೇ ಹೊರತು ಬೆರಳುಗಳು ಬಿಚ್ಚಲು ಒಪ್ಪಲಿಲ್ಲ. ಕೊನೆಗೆ ಅತ್ತೆಯೇ ಹಿಂದೆ ಬಂದು ಗಂಟು ಬಿಚ್ಚಿ, ಅದನ್ನು ಚಿಕ್ಕ ಸೊಸೆಯ ಸೊಂಟಕ್ಕೆ ಸುತ್ತಿದರು. ಚಿಕ್ಕವಳು ಗಾಬರಿಯಿಂದ, "ಅಕ್ಕ ಇದ್ದಾರಲ್ಲ ಅತ್ತೆ, ನಾನ್ಯಾಕೆ?" ಎಂದಳು.

"ಅವಳು ಬೇಕಾದಷ್ಟು ವರ್ಷ ಮಾಡಿದ್ದಾಳೆ. ನಿನ್ನ ಕೈ ಹದವಾಗಿದೆ, ನಾದು."

ನಿನ್ನ ಕೈ ಹದವಾಗಿದೆ! ಇಷ್ಟು ವರ್ಷದಲ್ಲಿ ಈ ಮಾತನ್ನು ಒಮ್ಮೆಯಾದರೂ ತನಗೆ ಹೇಳಿದ್ದರೆ... ದೊಡ್ಡವಳು ತುಟಿ ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು.

ಆ ಕುಟುಂಬಕ್ಕೆ ಕೆಳಗೆ ಬೇಕರಿ, ಮೇಲೆ ಮನೆ. ವಾರವೆಲ್ಲ ಬ್ರೆಡ್ಡು, ಬನ್ನು, ಬಿಸ್ಕತ್ತು. ಶನಿವಾರ ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಮಾತ್ರ ಒಂದೇ ಒಂದು ದೊಡ್ಡ ದುಂಡು ರೊಟ್ಟಿ ಬೇಯುತ್ತಿತ್ತು. ಅದು ಮಾರಾಟಕ್ಕಲ್ಲ, ಮರುದಿನ ಚರ್ಚಿನ ಸಭೆಯಲ್ಲಿ ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಹಂಚಿಕೊಂಡು ತಿನ್ನುವ ಕರ್ತನ ಭೋಜನಕ್ಕೆ. ಅದನ್ನು ಮನೆಯ ಒಬ್ಬ ಹೆಣ್ಣುಮಗಳು ಒಬ್ಬಳೇ ನಾದಬೇಕು, ಮತ್ತು ಯಾರೂ ಅದರ ರುಚಿ ನೋಡಬಾರದು. ಉಳಿದ ದಿನ ಆ ಬೇಕರಿಯಲ್ಲಿ ಬಾಯಿಗೆ ಹಾಕಿ ನೋಡದೆ ಒಂದು ಬನ್ನೂ ಹೊರಗೆ ಹೋಗುತ್ತಿರಲಿಲ್ಲ. ಅನುಮಾನವಿದ್ದವರು ದೊಡ್ಡ ಮಗನ ಹೊಟ್ಟೆ ನೋಡಬಹುದು. ಆದರೆ ಈ ರೊಟ್ಟಿಯ ಹಸಿ ಹಿಟ್ಟನ್ನೂ ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಕರ್ತನ ಮೇಜಿನದು ಕರ್ತನ ಮೇಜಿನಲ್ಲೇ ಎಂದು ಅತ್ತೆಯ ಅತ್ತೆ ಮಾಡಿಟ್ಟ ಕಟ್ಟಳೆ ಅದು.

ದೊಡ್ಡ ಸೊಸೆಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ಪ್ರಾರ್ಥನೆ, ಉಪವಾಸ ಎಲ್ಲ ಮುಗಿದು, ಗಂಡ ಹೆಂಡತಿ ಇಬ್ಬರೂ ಆ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಆದರೆ ಭಾನುವಾರ ಸಭೆಯ ಚಿಳ್ಳೆಪಿಳ್ಳೆಗಳೆಲ್ಲ ಅವಳನ್ನು "ರೊಟ್ಟಿಯಮ್ಮ" ಅನ್ನುತ್ತಿದ್ದವು. ಜಗತ್ತಿನಲ್ಲಿ ಅವಳನ್ನು ಅಮ್ಮ ಎಂದು ಕರೆಯುತ್ತಿದ್ದದ್ದು ಆ ಮಕ್ಕಳ ಬಾಯಿ ಮಾತ್ರ. ಈಗ ಅದನ್ನೂ ಇನ್ನೊಬ್ಬಳ ಮಡಿಲಿಗೆ ಹಾಕಿದರೆ ಅವಳಿಗೆ ಉಳಿಯುವುದೇನು?

ಇನ್ನೊಬ್ಬಳಾದರೂ ಯಾರು! ಅನಾಥಾಲಯದಲ್ಲಿ ಬೆಳೆದವಳು, ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಚಿಕ್ಕ ಮಗ ಮೆಚ್ಚಿ ಕರೆತಂದವಳು. ದೇವರ ಗಂಧಗಾಳಿ ಇಲ್ಲದೆ ಬೆಳೆದು, ಮದುವೆಗೆ ಸ್ವಲ್ಪ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡವಳು. ಗಂಡನಿಗಾಗಿ ಮುಳುಗಿ ಎದ್ದಳೋ, ದೇವರಿಗಾಗಿಯೋ ಎಂದು ಸಭೆಯಲ್ಲಿ ಗುಸುಗುಸು ಇದ್ದೇ ಇತ್ತು. ಅಲ್ಲಿಯ ಪದ್ಧತಿಯಂತೆ ಹೊಸಬರು ಒಂದು ದಿನ ಎಲ್ಲರ ಮುಂದೆ ನಿಂತು, ಯೇಸು ತನಗೆ ಯಾರು ಎಂದು ತನ್ನ ಮಾತಿನಲ್ಲೇ ಸಾಕ್ಷಿ ಹೇಳಬೇಕು. ಚಿಕ್ಕವಳ ಸರದಿ ಹತ್ತಿರ ಬಂದಿತ್ತು. ಅದಕ್ಕಾಗಿ ಅವಳಿಗೆ ಪಾಠ ಓದಿ ಹೇಳುತ್ತಿದ್ದವಳು ಬೇರಾರೂ ಅಲ್ಲ, ದೊಡ್ಡವಳೇ.

ಭಾನುವಾರ ಗಾಯದ ಮೇಲೆ ಬರೆ ಬಿತ್ತು. ಆರಾಧನೆ ಮುಗಿದದ್ದೇ ತಡ, "ಈ ವಾರದ ರೊಟ್ಟಿ ಎಷ್ಟು ಮೆತ್ತಗಿತ್ತು!" ಎಂದು ಹೆಂಗಸರು ಚಿಕ್ಕವಳನ್ನು ಸುತ್ತುಗಟ್ಟಿದರು. ದೊಡ್ಡವಳು ಬಾಗಿಲ ಹತ್ತಿರ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿಯೇ ಇದ್ದಳು. ಕಣ್ಣೀರು ಚಪ್ಪಲಿಯ ಮೇಲೆ ಬಿತ್ತು.

ವಾರದ ನಡುವೆ ಪಾಸ್ಟರ ಹತ್ತಿರ ಪಾಠವಿತ್ತು, ಓರಗಿತ್ತಿಯರಿಬ್ಬರೂ ಹೋಗಿದ್ದರು. ಪಾಸ್ಟರ್ ಚಿಕ್ಕವಳನ್ನು ಕೇಳಿದರು: "ಜನ ಯೇಸುವನ್ನ ಪ್ರವಾದಿ ಅಂದ್ರು, ಗುರು ಅಂದ್ರು. ಅದಿರಲಿ. ನಿನಗೆ ಅವರು ಯಾರಮ್ಮಾ?"

ಚಿಕ್ಕವಳು ತಡವರಿಸಿದಳು. ದೊಡ್ಡವಳು ತಡೆಯಲಾರದೆ, "ಕ್ರಿಸ್ತ, ದೇವರ ಮಗ, ಲೋಕದ ರಕ್ಷಕ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ತಪ್ಪಿಲ್ಲದ ಉತ್ತರ! ಪಾಸ್ಟರ್ ತಲೆಯಾಡಿಸಿ ಮತ್ತೆ ಚಿಕ್ಕವಳ ಕಡೆ ನೋಡಿದರು.

"ಅಕ್ಕ ಹೇಳಿದ್ದೇ ಸರಿ ಪಾಸ್ಟರ್. ನನಗೆ ಅಷ್ಟು ಚೆನ್ನಾಗಿ ಹೇಳೋಕೆ ಬರಲ್ಲ... ನಾನು ಯಾರ ಮಗಳು ಅಂತ ಕೇಳದೆ ಬಾ ಅಂದೋರು ಅವರೊಬ್ಬರೇ. ಕರೆದ ಮೇಲೆ ಹಿಂದೆ ಹೋಗೋದು ಬಿಟ್ಟು ನನಗೆ ಬೇರೆ ಏನೂ ತೋಚಲಿಲ್ಲ."

ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಶಿಷ್ಯರಾಗೋದು ಅಂದ್ರೆ ಅದೇ ಕಣಮ್ಮಾ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಪೂರ್ತಿ ಉತ್ತರಕ್ಕೆ ಬರೀ ತಲೆಯಾಡಿಕೆ, ಅರ್ಧ ಉತ್ತರಕ್ಕೆ ಕಣ್ಣೀರು! ಇವಳು ಅತ್ತೆಯನ್ನು ಕಸಿದುಕೊಂಡಳು, ಸಭೆಯನ್ನು ಕಸಿದುಕೊಂಡಳು, ಈಗ ದೇವರನ್ನೂ ಕಸಿದುಕೊಳ್ಳಲು ಹೊರಟಿದ್ದಾಳೆ... ಮನೆ ಸೇರುವವರೆಗೂ ದೊಡ್ಡವಳಿಗೆ ಇದೇ ಧ್ಯಾನ.

ಶನಿವಾರ ಸಂಜೆ ಚಿಕ್ಕವಳು ಹಿಟ್ಟು ಅಳೆದು, ಉಪ್ಪು ಬೆರೆಸಿ, ಬಿಸಿನೀರು ತರಲು ಮೇಲೆ ಹೋದಳು. ದೊಡ್ಡವಳು ಟ್ರೇ ಒರೆಸುತ್ತಾ ಅಲ್ಲೇ ಇದ್ದಳು. ಯೋಚಿಸಿ ಮಾಡಿದಳೆಂದು ಹೇಳಲಾರೆ, ಯೋಚಿಸದೆ ಮಾಡಿದಳೆಂದೂ ಹೇಳಲಾರೆ. ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಹಿಟ್ಟಿಗೆ ಸುರಿದು ಕಲಸಿದಳು. ಇನ್ನೊಂದು ಮುಷ್ಟಿ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಮತ್ತೆ ಟ್ರೇ ಒರೆಸುತ್ತಿದ್ದಳು. ಯಾರೂ ರುಚಿ ನೋಡುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಸಭೆಯಲ್ಲಿ ರೊಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ತಾವು ತಿಂದವರು ಪಕ್ಕದವರಿಗೆ ಒಂದು ತುಂಡು ಮುರಿದು, "ಇದು ನಿಮಗೋಸ್ಕರ" ಎಂದು ಕೊಡಬೇಕು. ಪಾಸ್ಟರದು ಕೊನೆಯ ತುಂಡು. ಮರುದಿನ ಮುಂದಿನ ಸಾಲಿನಲ್ಲಿ ಅತ್ತೆ ತಿಂದರು. ಅವರ ದವಡೆ ಒಂದು ಕ್ಷಣ ನಿಂತಿತು, ಕಷ್ಟಪಟ್ಟು ನುಂಗಿದರು. ಒಬ್ಬ ಮುದುಕರಿಗೆ ಕೆಮ್ಮು ಹತ್ತಿತು. ಮಕ್ಕಳು ಮುಖ ಕಿವುಚಿ ಅಪ್ಪಂದಿರಿಂದ ಚಿವುಟಿಸಿಕೊಂಡವು. ರೊಟ್ಟಿ ಚಿಕ್ಕವಳ ಕೈಗೆ ಬಂತು. ಅವಳು ಬಾಯಿಗಿಟ್ಟಳು. ಮುಖ ಬಿಳಿಚಿಕೊಂಡಿತು. ಪಕ್ಕದಲ್ಲೇ ಕೂತಿದ್ದ ಓರಗಿತ್ತಿಯ ಕಡೆ ತಿರುಗಿ, ಒಂದೇ ಒಂದು ಸಲ, ನೇರವಾಗಿ ಅವಳ ಕಣ್ಣು ನೋಡಿದಳು. ಆಮೇಲೆ ನಡುಗುವ ಕೈಯಿಂದ ಒಂದು ತುಂಡು ಮುರಿದು ಚಾಚಿದಳು.

"ಇದು ನಿಮಗೋಸ್ಕರ, ಅಕ್ಕಾ."

ದೊಡ್ಡವಳು ತಿಂದಳು. ತಿನ್ನದೆ ಎಲ್ಲಿಗೆ ಹೋಗುತ್ತಾಳೆ?

ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು. ಆರಾಧನೆ ಮುಗಿದದ್ದೇ ನಲ್ಲಿಯ ಮುಂದೆ ಉದ್ದನೆಯ ಸಾಲು. ಒಬ್ಬಿಬ್ಬರು ನಕ್ಕರು. ಅತ್ತೆ ನಗಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕೂತು ಚಿಕ್ಕವಳನ್ನು ಮುಂದೆ ನಿಲ್ಲಿಸಿಕೊಂಡರು.

"ಏನು ಮಾಡಿದೆ ಅಂತ ಗೊತ್ತಾ ನಿನಗೆ? ಅದೇನು ಅಂಗಡಿ ಬನ್ನಾ? ಕರ್ತನ ಮೇಜು! ಮೂರು ತಲೆಮಾರಿನಿಂದ ಈ ಮನೆಗೆ ಇಂಥ ಮಾತು ಬಂದಿರಲಿಲ್ಲ."

"ತಪ್ಪಾಯ್ತು ಅತ್ತೆ... ನಾನು ನಾದಿದ ರೊಟ್ಟಿ, ಹೊಣೆ ನನ್ನದೇ."

"ಜನ ಮದುವೆಗೋಸ್ಕರ ದೀಕ್ಷಾಸ್ನಾನ ಅಂದಾಗ ನಾನು ಅವರ ಬಾಯಿ ಮುಚ್ಚಿಸಿದ್ದೆ. ಈಗ ನಾನೇ ಅವರ ಮಾತು ನಂಬೋ ಹಾಗೆ ಮಾಡಿದೆ! ಭಯಭಕ್ತಿ ಇದ್ದೋಳ ಕೈಯಲ್ಲಿ ಹೀಗಾಗುತ್ತಾ? ನಿನ್ನ ಸಾಕ್ಷಿ ಈಗ ಬೇಡ ಅಂತ ಪಾಸ್ಟರಿಗೆ ಹೇಳಿ ಬಂದಿದ್ದೀನಿ."

ಚಿಕ್ಕವಳ ಬಾಯಿಂದ ಸಣ್ಣ ಸದ್ದು ಬಂತು. ಗಂಡನ ಕಡೆ ನೋಡಿದಳು. ಅವನು, "ಗಮನ ಎಲ್ಲಿತ್ತೇ ನಿನಗೆ?" ಎಂದು ಎದ್ದುಹೋದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳೇ ವಿನಾ ಒಂದು ಹೆಸರೂ ಹೊರಗೆ ಬರಲಿಲ್ಲ. ಅತ್ತೆ ದೊಡ್ಡವಳ ಕಡೆ ತಿರುಗಿ, "ಶನಿವಾರದಿಂದ ನೀನೇ ಮಾಡು" ಎಂದರು.

ಬೇಕೆಂದದ್ದು ಸಿಕ್ಕಿತ್ತು. ಬೀದಿಯಲ್ಲಿ ಸಿಕ್ಕವರೆಲ್ಲ, "ನಿಮ್ಮ ಕೈಯೇ ಬೇಕು ರೊಟ್ಟಿಯಮ್ಮಾ" ಅಂದರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವಳದು. ಗಂಡ ಊಟಕ್ಕೆ ಕೂತು, "ಉಪ್ಪು ಕೊಡು" ಅಂದರೂ ಬೆಚ್ಚುತ್ತಿದ್ದಳು. ಶನಿವಾರ ಮಧ್ಯಾಹ್ನ ಚಿಕ್ಕವಳು ಹಿತ್ತಲಲ್ಲಿ ಟ್ರೇಗಳನ್ನು ಉಜ್ಜುತ್ತಿದ್ದಾಗ, ದೊಡ್ಡವಳು ಹೋಗಿ ಎದುರಿಗೆ ನಿಂತಳು.

"ನಿನಗೆ ಗೊತ್ತು ಅಲ್ವಾ? ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ? ದೊಡ್ಡ ಮನಸ್ಸಿನೋಳು ಅನ್ನಿಸಿಕೊಳ್ಳೋಕಾ? ನಾನು ಜೀವನಪೂರ್ತಿ ನಿನ್ನ ಮುಂದೆ ತಲೆ ತಗ್ಗಿಸೋ ಹಾಗೆ ಮಾಡೋಕಾ?"

ಚಿಕ್ಕವಳು ತೆಂಗಿನ ನಾರನ್ನು ಬಕೆಟ್ಟಿಗೆ ಎಸೆದಳು. "ದೊಡ್ಡ ಮನಸ್ಸೂ ಅಲ್ಲ, ಏನೂ ಅಲ್ಲ! ಆ ತುಂಡನ್ನ ನಿಮ್ಮ ಮುಖಕ್ಕೆ ಎಸೀಬೇಕು ಅನ್ನಿಸಿತ್ತು ಅಕ್ಕಾ. ಕೈ ನಡುಗ್ತಿತ್ತು, ನೋಡಲಿಲ್ವಾ? ಅಷ್ಟು ಕೋಪ!"

"ಮತ್ತೆ?"

"ಮತ್ತೇನು... ನೀವೇ ಓದಿ ಹೇಳಿದ್ರಲ್ಲ. ಕೊನೇ ಊಟದಲ್ಲಿ ಯೇಸುವಿಗೆ ಗೊತ್ತಿತ್ತು, ಜೊತೆಗೆ ಕೂತ ಈ ಶಿಷ್ಯನೇ ನನ್ನನ್ನ ಹಿಡಿದುಕೊಡೋನು ಅಂತ. ಆದರೂ ಅವನ ಕೈಗೂ ರೊಟ್ಟಿ ಕೊಟ್ರು ಅಂತ. ಅದು ನೆನಪಾಗಿಬಿಡ್ತು. ಅವರ ಹಿಂದೆ ಹೋಗ್ತೀನಿ ಅಂತ ಹೇಳಿದ ಬಾಯಲ್ಲಿ ಆಮೇಲೆ ನಿಮ್ಮ ಹೆಸರು ಹೇಗೆ ಹೇಳಲಿ?" ಅವಳು ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. "ಆದರೆ ಅತ್ತೆ ನನ್ನ ನಂಬಿಕೆ ಸುಳ್ಳು ಅಂದ್ರಲ್ಲ... ಅದೊಂದು ತಡ್ಕೊಳ್ಳೋಕೆ ಆಗ್ತಿಲ್ಲ ಅಕ್ಕಾ!"

ಆ ಸಂಜೆ ದೊಡ್ಡವಳು ರೊಟ್ಟಿ ನಾದಿದಳು, ಬೇಯಿಸಿದಳು, ಬಟ್ಟೆಯಲ್ಲಿ ಸುತ್ತಿದಳು. ಎಲ್ಲ ಎಂದಿನಂತೆಯೇ. ಭಾನುವಾರ ಅದು ಸಾಲಿನಿಂದ ಸಾಲಿಗೆ ಬಂದು ಅವಳ ಮುಂದೆ ನಿಂತಿತು. ಪಕ್ಕದ ಹೆಂಗಸು, "ಇದು ನಿಮಗೋಸ್ಕರ" ಎಂದು ತುಂಡು ಚಾಚಿದಳು. ದೊಡ್ಡವಳ ಕೈ ಮೇಲೇಳಲಿಲ್ಲ. ಅವಳು ಎದ್ದು ನಿಂತಳು.

"ಹೋದ ವಾರ ಉಪ್ಪು ಹಾಕಿದ್ದು ನಾನು."

ಯಾರಿಗೂ ಅರ್ಥವಾಗಲಿಲ್ಲ. ಗಂಡ ಸೆರಗು ಹಿಡಿದೆಳೆದ. ಅವಳು ಬಿಡಿಸಿಕೊಂಡಳು.

"ಬೇಕು ಅಂತಲೇ ಹಾಕಿದೆ. ಎರಡು ಮುಷ್ಟಿ. ಅವಳು ನೀರು ತರೋಕೆ ಹೋದಾಗ... ಹೊಟ್ಟೆಕಿಚ್ಚು! ನೀವೆಲ್ಲ ನನ್ನನ್ನ ರೊಟ್ಟಿಯಮ್ಮ ಅಂತೀರಲ್ಲ, ಅದನ್ನ ಅವಳಿಗೆ ಬಿಟ್ಟುಕೊಡೋಕೆ ನನಗೆ ಆಗಲಿಲ್ಲ. ಅವಳ ನಂಬಿಕೆ ಸುಳ್ಳಲ್ಲ. ಸುಳ್ಳಿದ್ದದ್ದು ನನ್ನದು."

ಅತ್ತೆಯ ತಲೆ ನಿಧಾನವಾಗಿ ಬಗ್ಗಿತು. ಪಾಸ್ಟರ್ ಮೇಜಿನ ಹಿಂದಿನಿಂದ ಇಳಿದು ಬಂದು, ಮೆಲ್ಲಗೆ, ಹೊಸಬರನ್ನು ಕೇಳುವ ಪ್ರಶ್ನೆಯನ್ನೇ ಕೇಳಿದರು: "ನಿನಗೆ ಅವರು ಯಾರಮ್ಮಾ?"

ಒಂದೇ ಉಸಿರಿಗೆ ಹೇಳಬಲ್ಲ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಳು, ಅಳು ಬಂತು.

"ದೇವರ ಮಗ ಅಂತ ಚಿಕ್ಕಂದಿನಿಂದ ಹೇಳ್ತಾ ಬಂದೆ ಪಾಸ್ಟರ್. ಅದು ನಿಜ. ಆದರೆ... ಎಲ್ಲ ಗೊತ್ತಿದ್ದೂ ನನ್ನನ್ನ ಮೇಜಿನಿಂದ ಎಬ್ಬಿಸಿ ಕಳಿಸಲಿಲ್ಲ ನೋಡಿ, ಅವರು ಅಂಥೋರು ಅಂತ ನನಗೆ ಈ ವಾರವೇ ತಿಳಿದದ್ದು."

ಅವಳ ಕೈಯಲ್ಲಿ ತುಂಡು ಇಟ್ಟವರು ಪಾಸ್ಟರೇ. ಅವಳು ಅಳುತ್ತಲೇ ತಿಂದಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಓದುಗರು ನೆಮ್ಮದಿಯ ನಿಟ್ಟುಸಿರು ಬಿಡಬೇಕಾಗಿಲ್ಲ. ಮಕ್ಕಳು ಅವಳನ್ನು ರೊಟ್ಟಿಯಮ್ಮ ಎಂದು ಕರೆಯುವುದನ್ನು ನಿಲ್ಲಿಸಿದವು; ತಾಯಂದಿರು ಹೇಳಿಕೊಟ್ಟಿರಬೇಕು. ಗಂಡ ಮಾತು ಕಡಿಮೆ ಮಾಡಿದ. ಅತ್ತೆಯಂತೂ ಆ ವಾರವಿಡೀ ಅವಳೊಂದಿಗೆ ಮಾತೇ ಆಡಲಿಲ್ಲ. ಚಿಕ್ಕವಳನ್ನು ಕರೆದು, "ಮುಂದಿನ ಭಾನುವಾರ ಸಾಕ್ಷಿ ಹೇಳು" ಎಂದರು, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತರು. ರೊಟ್ಟಿಯ ಕೆಲಸ ಇನ್ನು ನಿನ್ನದೇ ಎಂದರು. ಇದನ್ನೆಲ್ಲ ದೊಡ್ಡವಳು ಬಾಗಿಲ ಮರೆಯಿಂದ ನೋಡಿದಳು. ನಿಜ ಹೇಳಬೇಕೆಂದರೆ ಆಗಲೂ ಅವಳ ಹೊಟ್ಟೆ ಚುರುಕ್ ಎಂದಿತು. ಹೊಟ್ಟೆಕಿಚ್ಚು ಒಂದು ಭಾನುವಾರಕ್ಕೆ ಆರುವ ಬೆಂಕಿಯಲ್ಲ. ಆದರೆ ಈ ಸಲ ಅವಳು ಕೆಳಗೆ ಹೋಗಿ ಭಟ್ಟಿಯ ಬೂದಿ ಬಳಿದು, ನೆಲ ಒರೆಸಿ, ಚಿಕ್ಕವಳಿಗಾಗಿ ಹಿಟ್ಟು ಜರಡಿ ಹಿಡಿದಿಟ್ಟಳು.

ಶನಿವಾರ ಸಂಜೆ ಅವಳು ಬಿಸಿನೀರಿನ ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು ಹಿಂದಿರುಗುತ್ತಿದ್ದಳು. ಆ ಕೋಣೆಯೊಳಗೆ ಕಾಲಿಡುವ ಹಕ್ಕು ತನಗಿಲ್ಲವೆಂದು ತಾನೇ ತೀರ್ಮಾನಿಸಿಕೊಂಡಿದ್ದಳು.

"ಅಕ್ಕಾ, ಬನ್ನಿ ಒಳಗೆ" ಎಂದಳು ಚಿಕ್ಕವಳು. ಮೊಣಕೈವರೆಗೂ ಹಿಟ್ಟು. "ನನ್ನ ಕೈ ನೋಡಿ ಹೇಗಿದೆ. ಉಪ್ಪು ನೀವೇ ಹಾಕಿ."

ದೊಡ್ಡವಳು ಅಲ್ಲೇ ನಿಂತಳು. "ಬೇಡ ಕಣೇ... ನನಗೆ ಹೆದರಿಕೆ ಆಗುತ್ತೆ."

"ನನಗೆ ಆಗಲ್ಲ. ಬನ್ನಿ."

ದೊಡ್ಡವಳು ಒಳಗೆ ಬಂದು ಉಪ್ಪಿನ ಡಬ್ಬಿ ತೆರೆದಳು. ಕಣ್ಣು ಮಂಜಾಗಿ ಒಳಗಿನದೇನೂ ಕಾಣದೆ, ಅಭ್ಯಾಸಬಲದಿಂದ ಬರಿಗೈಯನ್ನೇ ಇಳಿಸಿದಳು. ಅಷ್ಟರಲ್ಲಿ ಹಿಂದಿನಿಂದ ಧ್ವನಿ ಕೇಳಿತು. ಅತ್ತೆ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ! ವಾರದ ನಂತರ ಅವಳೊಂದಿಗೆ ಅವರು ಆಡಿದ ಮೊದಲ ಮಾತು ಅದು.

"ಮುಷ್ಟೀಲಿ ಬೇಡಮ್ಮಾ ತಾಯಿ. ಚಮಚದಲ್ಲಿ ಹಾಕು."